ಮೂರು ಭಾನುವಾರದ ಪ್ರಕಟಣೆ

ಫೆಬ್ರವರಿ 14, 2024, ಬುಧವಾರ

ಹಣೆಯ ಮೇಲಿನ ಬೂದಿ ಇನ್ನೂ ಒರೆಸಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಇವತ್ತಿನಿಂದ ಶುರು. ಹೊಸ ವರ್ಷಕ್ಕೆ ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿ ಒಂದೂವರೆ ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಯಾರ ಹತ್ತಿರವಾದರೂ ಮಾತಾಡಲೇಬೇಕು ಅನ್ನಿಸಿದೆ, ಆದರೆ ಯಾರ ಹತ್ತಿರವೂ ಆಡುವ ಮಾತಲ್ಲ. ಅದಕ್ಕೆ ಇದನ್ನು ತೆಗೆದೆ.

ಪೂಜೆ ಮುಗಿದ ಮೇಲೆ ಫಾದರ್ ರವಿಚಂದ್ರ ಒಂದು ಹೊಸ ವಿಷಯ ಹೇಳಿದರು. ಪವಿತ್ರ ಗುರುವಾರ ಹನ್ನೆರಡು ಜನರ ಕಾಲು ತೊಳೆಯುವುದು ಪ್ರತಿ ವರ್ಷದ ಪದ್ಧತಿ, ತೊಳೆಯುವವರು ಗುರುಗಳು. ಈ ಸಲ ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರೇ ಬಂದು ಅವರ ಕಾಲು ತೊಳೆಯಲಿ ಅಂದರು. ಹೆಸರು ಬರೆದುಕೊಳ್ಳುವ ಕೆಲಸ ಉಪದೇಶಿಯದು, ಅಂದರೆ ನನ್ನದು. ಮೂವತ್ತೊಂದು ವರ್ಷದಿಂದ ಈ ದೇವಾಲಯದಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮ ಕಲಿಸುವುದು, ಪ್ರಕಟಣೆ ಓದುವುದು ಎಲ್ಲಾ ನಾನೇ. ನನ್ನ ದನಿ ಮೈಕಿಲ್ಲದೆ ಹಿಂದಿನ ಬೆಂಚಿಗೆ ಕೇಳುತ್ತದೆ ಅಂತ ಊರೆಲ್ಲಾ ಹೇಳುತ್ತಾರೆ.

ಮೊದಲು ಬಂದವನು ಚೌರಪ್ಪ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಗಳ ಭುಜ ಹಿಡಿದುಕೊಂಡು ಬಂದ. ನಾವಿಬ್ಬರೂ ಒಟ್ಟಿಗೆ ದನ ಕಾದವರು. ಊರಿಗೆಲ್ಲಾ ನಾನು ಉಪದೇಶಿಗಳು, ಅವನಿಗೊಬ್ಬನಿಗೆ ಇನ್ನಾಸಿ.

“ಇನ್ನಾಸಿ, ನನ್ನೆಸ್ರು ಬರ್ಕೊ. ಮರಿಯಯ್ಯನ ಕಾಲು ನಾನ್ ತೊಳೀತೀನಿ. ಏಳು ವರ್ಸ ಒಟ್ಟೆಲಿ ಬೆಂಕಿ ಮಡೀಕಂಡು ಸಾಕಾಗದೆ ಕಣ್ಲಾ. ಅವ್ನು ಬರೆದ್ ಕಾಗ್ದ ನನ್ ಮಗಳ ಮದ್ವೆ ಮುರೀತು. ಆದ್ರೂ ಕ್ಸಮಿಸ್ಬೇಕಲ್ಲ, ಇನ್ನೇನ್ ಮಾಡಾದು?”

ಹೆಸರು ಬರೆದುಕೊಂಡೆ. ಅಕ್ಷರ ನನ್ನ ಎಂದಿನ ಅಕ್ಷರದ ಹಾಗೇ ದುಂಡಗೆ ಬಂತು.

ಆ ಕಾಗದ ಬರೆದದ್ದು ಮರಿಯಯ್ಯನಲ್ಲ. ನಾನು.

ಫೆಬ್ರವರಿ 18, ಭಾನುವಾರ

ಮೇಲಿನ ಸಾಲು ಬರೆದು ನಾಲ್ಕು ದಿನ ಡೈರಿ ಮುಟ್ಟಲಿಲ್ಲ. ಬರೆದದ್ದಾಯಿತು, ಪೂರ್ತಿ ಬರೆದುಬಿಡುತ್ತೇನೆ. ನನ್ನ ಕಡೆಯ ಮಾತೂ ಒಂದಿದೆ.

2017ರಲ್ಲಿ ಚೌರಪ್ಪನ ಮಗಳು ಜಸಿಂತಳನ್ನು ಅಕ್ಕನ ಮಗನಿಗೆ ಕೇಳಿದೆ. ಕೊಡುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನು ರಾಗಿ ಕಣದಲ್ಲಿ ಹತ್ತು ಜನರ ಮುಂದೆ ನಕ್ಕ: “ನಿಮ್ ಮನೇರ್ಗೆ ಜಪ ಮಾಡೋದ್ ಬುಟ್ರೆ ಇನ್ನೇನ್ ಬತ್ತದ್ಲಾ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರು ತಿಂಗಳಿಗೆ ಮಳವಳ್ಳಿ ಕಡೆಯ ಹುಡುಗನ ಜೊತೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಪೂಜೆಯಲ್ಲಿ ಓದುತ್ತಾರೆ. ಈ ಮದುವೆಗೆ ಅಡ್ಡಿ ಏನಾದರೂ ತಿಳಿದವರು ಗುರುಗಳಿಗೆ ತಿಳಿಸತಕ್ಕದ್ದು ಅಂತ ಕೊನೆಗೆ ಹೇಳುತ್ತಾರೆ. ಓದಿದವನು ನಾನೇ. ಎರಡನೆಯ ಭಾನುವಾರ ಓದಿದ ಮಾರನೇ ದಿನ ಮಂಡ್ಯದ ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಜಸಿಂತ ಮಂಡ್ಯದಲ್ಲಿ ಓದುವಾಗ ಯಾವನೋ ಹುಡುಗನ ಜೊತೆ ರಿಜಿಸ್ಟರ್ ಆಫೀಸಿನಲ್ಲಿ ಸೈನು ಹಾಕಿದ್ದಾಳಂತೆ ಅಂದರು. ಅಡ್ಡಿ ತಿಳಿದವರು ತಿಳಿಸಬೇಕು ಅಂತ ನಿಯಮವೇ ಇದೆಯಲ್ಲ. ಗುರುಗಳಿಗೆ ಕಾಗದ ಬರೆದು ನಾನು ತಿಳಿಸಿದೆ. ಹೆಸರು ಹಾಕಲಿಲ್ಲ ಅಷ್ಟೇ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಹತ್ತಿರದ ಹಲಗೂರಿನಲ್ಲಿ ಹಾಕದೆ ಮದ್ದೂರಿಗೆ ಹೋಗಿ ರೈಲ್ವೆ ಸ್ಟೇಷನ್ನಿನ ಡಬ್ಬಕ್ಕೆ ಹಾಕಿದೆ.

ಆಗಿನ ವಯಸ್ಸಾದ ಗುರುಗಳು ವಿಚಾರಿಸಲು ಹೋದರು, ಮಾತು ಬಾಯಿಂದ ಬಾಯಿಗೆ ಬಿತ್ತು, ಗಂಡಿನ ಕಡೆಯವರು ಹಿಂದೆ ಸರಿದರು. ಕವರಿನ ಮೇಲೆ ಮದ್ದೂರಿನ ಮುದ್ರೆ ಇತ್ತು. ಮದ್ದೂರಿನಲ್ಲಿ ಅಂಗಡಿ ಇಟ್ಟ ನಮ್ಮೂರಿನವನು ಟೈಲರ್ ಮರಿಯಯ್ಯ ಒಬ್ಬನೇ, ಅದೂ ಹೊಲದ ಬದುವಿಗೆ ಚೌರಪ್ಪನ ಜೊತೆ ಜಗಳ ಆಡಿದ್ದವನು. ಇನ್ನು ಯಾರನ್ನು ಹುಡುಕಬೇಕು? ಅವನಿಗೆ ಬಟ್ಟೆ ಕೊಡುವುದನ್ನು ಊರು ನಿಲ್ಲಿಸಿತು. ಅವನು ನಮ್ಮ ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ.

ತಿಂಗಳೊಳಗೆ ಇನ್ನೊಂದು ಗೊತ್ತಾಯಿತು. ಜಸಿಂತ ಸೈನು ಹಾಕಿದ್ದು ನಿಜ, ಗೆಳತಿಯ ಮದುವೆಗೆ ಸಾಕ್ಷಿಯಾಗಿ. ನನಗೆ ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಇದಕ್ಕೆ ಮಾತ್ರ ನನ್ನ ಕಡೆಯ ಮಾತು ಯಾವುದೂ ಇಲ್ಲ.

ಆ ವರ್ಷ ಮೈಸೂರಿಗೆ ಹೋಗಿ, ಗುರುತಿಲ್ಲದ ಗುರುಗಳ ಹತ್ತಿರ ಪಾಪನಿವೇದನೆ ಮಾಡಿಕೊಂಡೆ. “ಒಬ್ಬರ ಬಗ್ಗೆ ಹಗುರವಾಗಿ ಮಾತಾಡಿದೆ ಸ್ವಾಮಿ” ಅಂದೆ. ಹತ್ತು ನಮೋ ಮರಿಯ ಜಪ ಹೇಳು ಅಂದರು. ಹೇಳಿದೆ. ಅಲ್ಲಿಂದೀಚೆಗೆ ಪರಲೋಕ ಮಂತ್ರ ಹೇಳಿಸುವಾಗ ಕ್ಷಮೆಯ ಸಾಲು ಬಂದರೆ ನನಗೆ ಕೆಮ್ಮು ಬರುತ್ತದೆ. ಆ ಸಾಲನ್ನು ಜನರೇ ಹೇಳಿಕೊಳ್ಳುತ್ತಾರೆ.

ಮಾರ್ಚ್ 4, ಸೋಮವಾರ

ಮರಿಯಯ್ಯನನ್ನು ಕರೆದು ಬರಲು ಫಾದರ್ ನನ್ನನ್ನೇ ಕಳಿಸಿದರು. ಬಸ್ಸಿನಲ್ಲಿ ಇಡೀ ದಾರಿ ಅವನು ಒಪ್ಪದಿರಲಿ ಎಂದು ಬೇಡಿಕೊಂಡೆ. ಜಪಮಾಲೆ ಕೈಯಲ್ಲೇ ಇತ್ತು.

ಮದ್ದೂರಿನ ಹಳೇ ರಸ್ತೆಯಲ್ಲಿ, ವಡೆ ಕರಿಯುವ ಹೋಟೆಲಿನ ಪಕ್ಕದ ಸಂದಿಯಲ್ಲಿ ಅವನ ಅಂಗಡಿ. ಮಿಷಿನ್ನು ತುಳಿಯುವುದನ್ನು ನಿಲ್ಲಿಸದೆ ಕೂರಲು ಹೇಳಿದ. ವಿಷಯ ಹೇಳಿದೆ. ನಿನಗೆ ಇಷ್ಟ ಇಲ್ಲದಿದ್ದರೆ ಬೇಡ, ಫಾದರಿಗೆ ನಾನೇ ಹೇಳಿಕೊಳ್ಳುತ್ತೇನೆ ಅಂತಲೂ ಸೇರಿಸಿದೆ.

“ಬತ್ತೀನಿ ಅಂತ ಯೋಳು” ಅಂದ.

“ಅಲ್ಲಯ್ಯ, ಮಾಡ್ದೇ ಇರೋ ತಪ್ಪಿಗೆ ಯಾಕೆ ಹೋಗಿ ಎಲ್ಲರ ಮುಂದೆ ಕೂತ್ಕೋತೀಯ?”

ಮಿಷಿನ್ನು ನಿಂತಿತು. “ಮಾಡಿಲ್ಲ ಅಂತ ನಿಂಗೆಂಗ್ ಗೊತ್ತು?”

ಜಪಮಾಲೆ ಜೇಬಿಗೆ ತುರುಕಿಕೊಂಡೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಎದ್ರುಕೋಬ್ಯಾಡ. ಅವತ್ತು ಟೇಸನ್ ಅತ್ರ ಪಾರ್ಸಲ್ ಬುಡಿಸ್ಕಳಕ್ಕೆ ಓಗಿದ್ದೆ. ನೀನು ಕೆಂಪು ಡಬ್ಬದ ಮುಂದೆ ನಿಂತ್ಕಂಡು ಆ ಕಡೆ ಈ ಕಡೆ ನೋಡ್ದೆ. ಆಮೇಕೆ ಸಿಲುಬೆ ಗುರ್ತು ಆಕ್ಕಂಡು ಕಾಗ್ದ ಒಳೀಕ್ ಬುಟ್ಟೆ. ಏಳು ವರ್ಸದಿಂದ ಒಂದ್ ಮಾತು ಕೇಳ್ಬೇಕು ಅಂತಿದ್ದೆ ಕಣಯ್ಯ. ಸಿಲುಬೆ ಗುರ್ತು ಯಾಕ್ ಆಕ್ಕಂಡೆ?”

ಹಾಕಿಕೊಂಡದ್ದು ನನಗೆ ನೆನಪೇ ಇಲ್ಲ. ಆದರೆ ಹಾಕಿಕೊಂಡಿರುತ್ತೇನೆ. ಬಸ್ಸು ಹತ್ತುವಾಗಲೂ ಹಾಕಿಕೊಳ್ಳುವವನು ನಾನು.

“ಯಾಕೆ ಹೇಳಲಿಲ್ಲ?” ಅಂದೆ.

“ಯೋಳಕ್ಕೆ ಓಗಿದ್ದೆ. ಚೌರಪ್ಪನ ಮನೆ ಬಾಗ್ಲಿಗೆ ಓದ್ರೆ ಒಳಗೆ ನೀನೇ ಜಪ ಯೋಳುಸ್ತಿದ್ದೆ. ಆ ಮನೇರೆಲ್ಲ ನಿನ್ನಿಂದೆ ಮಂಡಿ ಊರ್ಕಂಡು ಕೂತಿದ್ರು. ಇನ್ ಯಾರ್ಗ್ ಯೋಳನಪ್ಪ? ವಾಪಸ್ ಬಂದೆ.”

“ಮತ್ತೆ ಈಗ?”

“ನನ್ನೆಂಡ್ರು ನಮ್ಮೂರ್ ಸಮಾದೀಲೇ ಮಣ್ಣಾಗವಳೆ. ನಾಳೆ ನಾನೂ ಅವಳ ಪಕ್ಕಕ್ಕೇ ಓಗ್ಬೇಕು. ಎತ್ಕಂಡೋಗಕ್ಕೆ ನಾಕ್ ಜನ ಬೇಕಲ್ಲ? ತಪ್ಪು ಮಾಡಿದ್ದೀಯ ಅಂತ ಕ್ಸಮಿಸ್ತಾರಾ, ಕ್ಸಮಿಸ್ಲಿ ಬುಡು. ನೀನೇನ್ ಮಾಡ್ತೀಯೋ ಅದು ನಿಂದು.”

ಮಿಷಿನ್ನು ಮತ್ತೆ ಶುರುವಾಯಿತು. ಬರುವಾಗ ಸ್ಟೇಷನ್ ಕಡೆ ಹೋಗದೆ ಸುತ್ತು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.

ಮಾರ್ಚ್ 9, ಶನಿವಾರ

ನಿನ್ನೆ ಶಿಲುಬೆ ಹಾದಿಯ ಜಪ ಹೇಳಿಸುವಾಗ ಸಾಲು ತಪ್ಪಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಎಲ್ಲರೂ ನನ್ನ ವಯಸ್ಸಿನ ಮೇಲೆ ಹಾಕಿದರು.

ಮಾರ್ಚ್ 20, ಬುಧವಾರ

ಫಾದರ್ ರವಿಚಂದ್ರರ ಹತ್ತಿರ ಪಾಪನಿವೇದನೆಗೆ ಹೋದೆ. ಈ ಸಲ ಹಗುರ ಮಾಡದೆ ಹೇಳಿದೆ. ಕಣ, ಬಸ್ಸು, ಎಡಗೈ, ಡಬ್ಬ, ಮರಿಯಯ್ಯ, ಎಲ್ಲ. ಜಾಲರಿಯ ಆ ಕಡೆಯಿಂದ ಫಾದರ್ ಮಾತಾಡಿದರು.

“ಉಪದೇಶಿಗಳೇ, ಇದನ್ನ ಆಫೀಸಿಗೆ ಬಂದು ಹೇಳಿದ್ರೆ ನಾನು ಏನಾದ್ರೂ ಮಾಡಬಹುದಿತ್ತು. ಇಲ್ಲಿ ಕೇಳಿದ್ದನ್ನ ಹೊರಗೆ ತಗೊಂಡು ಹೋಗೋ ಹಾಗಿಲ್ಲ. ಪಟ್ಟಿಯಿಂದ ಒಂದು ಹೆಸರು ಹೊಡೆಯೋ ಹಾಗೂ ಇಲ್ಲ. ಗುರುವಾರ ನಾನು ಏನೂ ಗೊತ್ತಿಲ್ಲದವನ ಥರ ನಿಂತಿರಬೇಕು. ಇದು ನಿಮಗೆ ಗೊತ್ತಿತ್ತಲ್ವಾ?”

ಗೊತ್ತಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಬಿಡಬಾರದು ಅಂತ ಮಕ್ಕಳಿಗೆ ಕಲಿಸುವವನೇ ನಾನು. ಗೊತ್ತಿದ್ದೇ ಅಲ್ಲಿ ಹೇಳಿದೆನೇ? ಹೇಳಿದ ಹಾಗೂ ಆಗಬೇಕು, ಯಾರಿಗೂ ತಿಳಿಯಲೂಬಾರದು ಅಂತಲೇ? ಅಥವಾ ಆ ಹುಡುಗ ವಯಸ್ಸಿನ ಗುರುಗಳು ಹೇಗಾದರೂ ಮಾಡಿ ನನ್ನ ಹೊರೆ ಎತ್ತಿಕೊಳ್ಳಲಿ ಅಂತಲೇ? ಎರಡೂ ಇರಬೇಕು. ಈಗ ಅವರ ಬಾಯಿಯನ್ನೂ ಕಟ್ಟಿಹಾಕಿ ಬಂದೆ.

ಹಾಳು ಮಾಡಿದ ಹೆಸರನ್ನು ಸರಿ ಮಾಡಬೇಕು, ಹೇಗೆ ಅಂತ ನೀವೇ ನೋಡಿಕೊಳ್ಳಿ ಅಂದರು. ನಮೋ ಮರಿಯ ಹೇಳಲು ಹೇಳಲಿಲ್ಲ. ಹೇಳಿದ್ದರೆ ಸಾವಿರ ಬೇಕಾದರೂ ಹೇಳುತ್ತಿದ್ದೆ.

ಮಾರ್ಚ್ 24, ಗರಿಗಳ ಭಾನುವಾರ

ಜಸಿಂತ ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆದು ಮೊರದಲ್ಲಿ ಇಟ್ಟುಕೊಂಡು ಕೂತಿದ್ದಳು. ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದಾಳೆ. ಮದ್ದೂರಿನಲ್ಲಿ ರೂಮು ಮಾಡಿಕೊಂಡು ಇದ್ದಾಳೆ, ರಜೆಗೆ ಊರಿಗೆ ಬರುತ್ತಾಳೆ. ಮೂವತ್ತೊಂದು ವಯಸ್ಸು. ಆಮೇಲೆ ಬಂದ ಗಂಡುಗಳೆಲ್ಲ ಆ ಕಾಗದದ ಸುದ್ದಿ ಕೇಳಿಕೊಂಡು ಹೋದವರೇ.

“ತಗೊಳಿ ಮಾವ” ಅಂತ ಚೆನ್ನಾಗಿ ಬಂದಿದ್ದ ಒಂದನ್ನು ಆರಿಸಿ ಕೊಟ್ಟಳು. “ಅಪ್ಪಾಜಿ ಈಗ ರಾತ್ರಿ ಹೊತ್ತು ನಿದ್ದೆ ಮಾಡ್ತವ್ರೆ. ನಂಗೇನೋ ಆ ಮನ್ಸನ ಮುಖ ನೋಡಕ್ಕೆ ಇಷ್ಟ ಇಲ್ಲ. ಅವ್ರಿಗೋಸ್ಕರ ಗುರುವಾರ ಬತ್ತೀನಿ.”

ಅವಳು ಕೊಟ್ಟ ಶಿಲುಬೆಯನ್ನು ಮನೆಗೆ ತಂದು ಎಲ್ಲಿಡಬೇಕೋ ತಿಳಿಯಲಿಲ್ಲ. ಈ ಡೈರಿಯೊಳಗೇ ಇಟ್ಟಿದ್ದೇನೆ.

ಮಾರ್ಚ್ 29, ಶುಭ ಶುಕ್ರವಾರ, ಬೆಳಿಗ್ಗೆ

ನಿನ್ನೆಯದನ್ನು ಬರೆದುಬಿಡುತ್ತೇನೆ. ಮತ್ತೆ ಯೋಚಿಸಿದರೆ ನನ್ನ ಪರವಾಗಿ ಏನಾದರೂ ಸೇರಿಸಿಬಿಡುತ್ತೇನೆ.

ಸಾಲಾಗಿ ಕುರ್ಚಿ ಹಾಕಿದ್ದೆವು. ತಾಮ್ರದ ಚೊಂಬು ನನ್ನ ಕೈಯಲ್ಲಿತ್ತು, ನೀರು ಹುಯ್ಯುವುದು ನನ್ನ ಕೆಲಸ. ಮರಿಯಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ಚೌರಪ್ಪ ಮಂಡಿ ಊರಿ, ಕಣ್ಣು ಕಾಣದೆ ಕೈಯಾಡಿಸಿ ಅವರ ಪಾದ ಹುಡುಕಿದ. ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದುಕೊಂಡ.

“ನೀರ್ ಬುಡು ಇನ್ನಾಸಿ” ಅಂದ.

ಚೊಂಬು ಬಗ್ಗಲಿಲ್ಲ. ಮರಿಯಯ್ಯ ನನ್ನನ್ನು ನೋಡಲಿಲ್ಲ, ಎದುರಿನ ಪೀಠದ ಕಡೆ ನೋಡುತ್ತಿದ್ದರು. ನೋಡಿದ್ದರೆ ಬಹುಶಃ ನೀರು ಹುಯ್ದುಬಿಡುತ್ತಿದ್ದೆ.

“ಕಾಗದ ಬರೆದವನು ನಾನು” ಅಂದೆ.

ಮೈಕಿಲ್ಲದೆ ಹಿಂದಿನ ಬೆಂಚಿಗೆ ಕೇಳುವ ದನಿ ಕಾಲ ಬುಡದಲ್ಲಿದ್ದವನಿಗೂ ಕೇಳಲಿಲ್ಲ. “ಏನಂದೆ?” ಅಂದ ಚೌರಪ್ಪ. ಇನ್ನೊಂದು ಸಲ ಹೇಳಬೇಕಾಯಿತು. “ಜಸಿಂತನ ಮೇಲೆ ಕಾಗದ ಬರೆದವನು ನಾನು, ಚೌರಪ್ಪ. ಮರಿಯಯ್ಯನವರಲ್ಲ.” ಈ ಸಲ ಎಲ್ಲರಿಗೂ ಕೇಳಿತು.

ಮೂರನೆಯ ಬೆಂಚಿನಲ್ಲಿ ಜಸಿಂತ ಎದ್ದು ನಿಂತಳು. ನನ್ನನ್ನು ಒಂದು ಸಲ ನೋಡಿ ಹೊರಗೆ ಹೋದಳು. ಫಾದರ್ ತಲೆ ಬಗ್ಗಿಸಿಕೊಂಡು ನಿಂತಿದ್ದರು. ಚೌರಪ್ಪ ಎದ್ದು ನನಗೆ ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈ ಚಾಚಿ ನನ್ನಿಂದ ಚೊಂಬು ಕಿತ್ತುಕೊಂಡ. ತಾನೇ ನೀರು ಹುಯ್ದು ಮರಿಯಯ್ಯನವರ ಎರಡೂ ಕಾಲು ತೊಳೆದ. “ತಪ್ಪಾಯ್ತು ಕಣಣ್ಣ, ತಪ್ಪಾಯ್ತು” ಅನ್ನುತ್ತಲೇ ಇದ್ದ. ಕ್ಷಮಿಸಲು ಬಂದವನು ಕ್ಷಮೆ ಕೇಳುತ್ತಾ ಕೂತಿದ್ದ. ಅದನ್ನೂ ಅವನಿಗೆ ತಂದಿಟ್ಟವನು ನಾನೇ.

ಮನೆಯಲ್ಲಿ ಹೆಂಡತಿ ಆರೋಗ್ಯಮ್ಮ ಇಷ್ಟೇ ಕೇಳಿದಳು: “ಏಳು ವರ್ಸ ಕ್ರಿಸ್ಮಸ್ಸಿಗೆ ನನ್ ಕೈಲೇ ಜಸಿಂತನ ಮನೆಗೆ ಕಜ್ಜಾಯ ಕಳ್ಸಿದ್ರಲ್ಲ. ನಂಗೂ ಯೋಳ್ಬಾರ್ದಾಗಿತ್ತಾ?” ಆಮೇಲೆ, “ಅದ್ಕೇನಾ ಆ ಕೆಮ್ಮು?” ಅಂದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳ ಮುಖ ನೋಡಲು ನನಗೆ ಆಗಲಿಲ್ಲ.

ಮಾರ್ಚ್ 31, ಈಸ್ಟರ್

ದೇವಾಲಯದ ಬೀಗದ ಕೈ ಫಾದರಿಗೆ ಕೊಟ್ಟು ಕೊನೆಯ ಬೆಂಚಿನಲ್ಲಿ ಕೂತೆ. ಆ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಆರೋಗ್ಯಮ್ಮ ಹೆಂಗಸರ ಕಡೆ ಕೂತಳು, ಅವಳು ಯಾವಾಗಲೂ ಕೂರುವುದು ಅಲ್ಲೇ, ಆದರೂ.

ಪೂಜೆ ಬಿಟ್ಟ ಮೇಲೆ ಮರಿಯಯ್ಯನವರು ಹತ್ತಿರ ಬಂದರು. ಏನಾದರೂ ಹೇಳುತ್ತಾರೆಂದು ಎದ್ದು ನಿಂತೆ. ಅವರು ನನ್ನ ಅಂಗಿ ನೋಡುತ್ತಿದ್ದರು.

“ಕಾಲರ್ ಸವ್ದೋಗದೆ. ತಂದ್ಕೊಡು, ತಿರುಗ್ಸಿ ಒಲ್ಕೊಡ್ತೀನಿ. ನನ್ನ ಎತ್ಕಂಡೋಗೋ ಆ ನಾಕ್ ಜನದಲ್ಲಿ ನೀನೂ ಒಬ್ಬ ಕಣಯ್ಯ, ಬಟ್ಟೆ ನೆಟ್ಟಗಿರ್ಲಿ.”

ಮನೆಗೆ ಬಂದು ಅಂಗಿ ಬಿಚ್ಚಿ ಬಹಳ ಹೊತ್ತು ಅತ್ತೆ.

ಏಪ್ರಿಲ್ 2, ಮಂಗಳವಾರ

ಜಸಿಂತ ಬಂದಿದ್ದಳು. ಕೂರು ಅಂದರೆ ಕೂರಲಿಲ್ಲ.

“ಕ್ಷಮಿಸಿಬಿಡು ಮಗಳೇ” ಅಂದೆ.

“ಅದೊಂದ್ ಕೇಳ್ಬೇಡಿ ಮಾವ. ಆಗ ಕೇಳ್ದೇ ಬರೆದ್ರಿ, ಈಗ ಕೇಳಿದ ತಕ್ಷಣ ನಾನು ಕೊಡ್ಬೇಕಾ?” ಅವಳ ದನಿ ಏರಲಿಲ್ಲ. “ಮೂರು ಭಾನುವಾರ ನನ್ನೆಸರು ಓದಕ್ಕೆ ನಿಂತಿದ್ರಲ್ಲ, ಅದೇ ಜಾಗದಲ್ಲಿ ನಿಂತ್ಕೊಳಿ. ನೀವ್ ಮಾಡಿದ್ದನ್ನ ಬರ್ಕೊಂಡು ಮೂರು ಭಾನುವಾರ ಓದಿ. ಒಂದ್ ವಾರ ಬಂದೋರು ಇನ್ನೊಂದ್ ವಾರ ಬರಲ್ಲ, ಎಲ್ಲರ ಕಿವಿಗೂ ಬೀಳ್ಬೇಕು. ಕೊನೇಲಿ ಈ ಸಲ ಹೆಸ್ರು ಇರ್ಲಿ.”

ಆಗಲಿ ಅಂದೆ.

ಏಪ್ರಿಲ್ 7, ಭಾನುವಾರ

ಬಲಗೈಯಲ್ಲಿ ಬರೆದೆ. ಹನ್ನೊಂದು ಸಾಲು. ಓದುವಾಗ ಕಾಗದ ಅಲ್ಲಾಡಿ ಅಕ್ಷರ ಕಾಣುತ್ತಿರಲಿಲ್ಲ. “ಅವಳು ಸಾಕ್ಷಿಯಾಗಿ ಸೈನು ಹಾಕಿದ್ದಳು, ಇದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ” ಅನ್ನುವ ಕಡೆ ನಿಂತುಹೋದೆ. ನನ್ನ ಹೆಸರು ಓದುವಷ್ಟರಲ್ಲಿ ದನಿಯೇ ಇರಲಿಲ್ಲ. ಜಸಿಂತ ಬಾಗಿಲ ಹೊರಗೆ ನಿಂತು ಕೇಳಿದಳು.

ಏಪ್ರಿಲ್ 14, ಭಾನುವಾರ

ಎರಡನೆಯ ಸಲ. ನಿಲ್ಲಬೇಕಾದ ಕಡೆ ನಿಂತು, ಪೂರ್ತಿ ಓದಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಇಬ್ಬರು ಬಂದು ದೊಡ್ಡ ಮನಸ್ಸು ನಿಮ್ಮದು ಅಂದರು. ಸ್ವಲ್ಪ ಹಗುರವಾಯಿತು. ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದೆ.

ಏಪ್ರಿಲ್ 21, ಭಾನುವಾರ

ಮೂರನೆಯ ಸಲ. ಕಾಗದ ನೋಡುವ ಅಗತ್ಯವೇ ಬೀಳಲಿಲ್ಲ. ದನಿ ಹಿಂದಿನ ಬೆಂಚಿಗೆ ಹೋಯಿತು.

ಹೊರಗೆ ಬೇವಿನ ಮರದ ಕೆಳಗೆ ಜಸಿಂತ ಕಾಯುತ್ತಿದ್ದಳು.

“ಮೊದಲನೇ ವಾರ ನಿಮ್ಮ ಕೈ ನಡುಗ್ತಿತ್ತು ಮಾವ. ಇವತ್ತು ಪ್ರಕಟಣೆ ಓದ್ದಂಗೆ ಓದಿದ್ರಿ. ನಿಮಗೆ ರೂಢಿ ಆಗೋಯ್ತು. ನಂಗಿನ್ನೂ ಆಗಿಲ್ಲ.”

ಕಪಾಳಕ್ಕೆ ಹೊಡೆದ ಹಾಗಾಯಿತು. ನಿಜ. ಇವತ್ತು ಓದುವಾಗ ಚೆನ್ನಾಗಿ ಓದುತ್ತಿದ್ದೇನೆ ಅಂತ ಅನ್ನಿಸಿತ್ತು. ಮಾಡಿದ ಪಾಪ ಹೇಳುವಾಗಲೂ ಶಹಬ್ಬಾಸ್‌ಗಿರಿ ಬೇಕು ನನಗೆ. ನಾಚಿಕೆಯಾಯಿತು ಅಂತ ಬರೆಯಲೂ ನಾಚಿಕೆಯಾಗುತ್ತಿದೆ. ಅವಳಿಗೆ ಏನು ಹೇಳಲಿ? ಹೌದು ಅಂದೆ.

ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಚಪ್ಪಲಿಯಲ್ಲಿ ನೆಲ ಕೆರೆಯುತ್ತಾ ನಿಂತಿದ್ದಳು.

“ಬುಧವಾರ ಅಪ್ಪಾಜಿಗೆ ಮಂಡ್ಯದಲ್ಲಿ ಒಂದು ಕಣ್ಣಿನ ಆಪರೇಸನ್ನು. ಬೆಳಿಗ್ಗೆ ಹೋಗಿ ಸಾಯಂಕಾಲ ಬರೋದು. ನಂಗೆ ರಜಾ ಕೊಡಲಿಲ್ಲ. ಜೊತೇಲಿ ಯಾರಾದ್ರೂ ಬೇಕು.”

“ಚೌರಪ್ಪ ಒಪ್ತಾನಾ?”

“ನಾನ್ ಒಪ್ಪಿಸ್ತೀನಿ” ಅಂತ ಹೊರಟಳು.

ಏಪ್ರಿಲ್ 24, ಬುಧವಾರ

ಏಳೂವರೆ ಬಸ್ಸು. ಚೌರಪ್ಪ ಕಿಟಕಿ ಕಡೆ ಕೂತ, ನಾನು ಪಕ್ಕದಲ್ಲಿ. ಕಂಡಕ್ಟರು ಎರಡು ಟಿಕೆಟಾ ಅಂದಾಗ “ಬೇರೆ ಬೇರೆ” ಅಂದ. ಆಸ್ಪತ್ರೆಯ ಫಾರಂನಲ್ಲಿ ಜೊತೆಗೆ ಬಂದವರು ಯಾರು ಅಂತ ಬರೆಯಬೇಕಿತ್ತು. ನರ್ಸಮ್ಮ “ಏನಾಗಬೇಕು ಇವರು ನಿಮಗೆ?” ಅಂತ ಅವನನ್ನು ಕೇಳಿದರು. ಅವನು “ಊರೋರು” ಅಂದ. ಹಾಗೇ ಬರೆದು, ಕೆಳಗೆ ನನ್ನ ಹೆಸರು ಹಾಕಿ ಸೈನು ಮಾಡಿದೆ.

ಆಪರೇಷನ್ ಚೆನ್ನಾಗಿ ಆಯಿತು. ಬಟ್ಟೆ ಕಟ್ಟಿದ್ದಾರೆ, ಇನ್ನೊಂದು ಕಣ್ಣು ಮೊದಲೇ ಮಂಜು. ಇಡ್ಲಿ ತಂದುಕೊಟ್ಟೆ, ತಿಂದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದ. ತಲೆ ಕಿಟಕಿಗೆ ಬಡಿಯುತ್ತಿತ್ತು. ನನ್ನ ಟವೆಲ್ಲು ಮಡಿಸಿ ನಡುವೆ ಇಟ್ಟೆ. ಅವನಿಗೆ ಎಚ್ಚರವಾಗಲಿಲ್ಲ ಅಂದುಕೊಂಡಿದ್ದೇನೆ.

ಊರ ಗೇಟಿನ ಸ್ಟಾಪಿನಲ್ಲಿ ಮೊದಲು ಇಳಿದು, ಕೆಳಗೆ ನಿಂತೆ. ಅವನು ಬಾಗಿಲ ಕಂಬಿ ಹಿಡಿದುಕೊಂಡು ಕಾಲಲ್ಲಿ ಮೆಟ್ಟಿಲು ಹುಡುಕುತ್ತಿದ್ದ. ಮುಟ್ಟಬಹುದೋ ಬಾರದೋ ತಿಳಿಯದೆ ಎರಡೂ ಕೈ ಮುಂದೆ ಮಾಡಿಕೊಂಡು ನಿಂತಿದ್ದೆ. ಹಿಂದಿನವರು ಬೇಗ ಇಳೀರಿ ಅಂತ ಕೂಗಿದರು.

“ಇಡ್ಕೊಳ್ಲಾ ಇನ್ನಾಸಿ, ನಿಂತ್ಕಂಡ್ ಏನ್ ನೋಡ್ತಿದ್ದೀಯ?” ಅಂತ ಗದರಿದ. ಕೈಗೆ ಕೈ ಸಿಕ್ಕ ಮೇಲೆ, “ಕ್ಸಮಿಸ್ಬುಟ್ಟ ಅನ್ಕಬ್ಯಾಡ. ಮೆಟ್ಲು ಕಾಣ್ತಿಲ್ಲ, ಅದ್ಕೆ” ಅಂದ.

ಆಗಲಿ ಅಂದೆ. ಕೆಳಗಿಳಿದ ಮೇಲೆ ದಾರಿ ಸಮನಾಗಿತ್ತು, ಮೆಟ್ಟಿಲು ಒಂದೂ ಇರಲಿಲ್ಲ. ಮನೆ ಬಾಗಿಲ ತನಕ ಅವನು ಕೈ ಬಿಡಲಿಲ್ಲ.